ಎಂಟು ಕೊಡ ನೀರು, ಐದು ಸೂಜಿ

ಕಳೆದ ತಿಂಗಳು ಕೃಷ್ಣರಾಜಪುರದ ಒಂದು ಕಲ್ಯಾಣ ಮಂಟಪದಲ್ಲಿ ಊಟ ಮುಗಿಸಿ ಕೈ ತೊಳೆಯಲು ಹೋದರೆ, ನಲ್ಲಿಯ ಪಕ್ಕ ಕೆಂಪು ಕಾರ್ಬಾಲಿಕ್ ಸೋಪಿನ ಅರ್ಧ ತುಂಡು ಇಟ್ಟಿದ್ದರು. ಈಗೆಲ್ಲ ಅದು ಯಾರ ಮನೆಯಲ್ಲಿದೆ ಹೇಳಿ. ಒಂದು ಸಲ ಮೂಗಿಗೆ ಹಿಡಿದೆ, ಅಷ್ಟೇ. ಹಿಂದೆ ನಿಂತಿದ್ದ ಬೀಗರ ಕಡೆಯ ಹೆಂಗಸು “ಸ್ವಲ್ಪ ಬೇಗ ತೊಳ್ಕೋತೀರಾ” ಎಂದು ಕೇಳುವವರೆಗೂ ನಾನು ಆ ಮಂಟಪದಲ್ಲಿ ಇರಲೇ ಇಲ್ಲ. ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿದ್ದ ಒಂದು ಚಳಿಗಾಲದಲ್ಲಿ, ರೈಲು ಹಳಿಯಾಚೆಯ ಒಂದು ವಠಾರದ ನಲ್ಲಿಯ ಮುಂದೆ ನಿಂತಿದ್ದೆ.

ಆಗ ನಾನು ಕೃಷ್ಣರಾಜಪುರದ ಸಂತೆಬೀದಿಯ ಹಿಂದಿದ್ದ ಒಂದು ಸಣ್ಣ ಆರೋಗ್ಯ ಕೇಂದ್ರದಲ್ಲಿ ನರ್ಸು. ಎರಡು ಕೋಣೆ, ಗೊರಗೊರ ಅನ್ನುವ ಒಂದು ಫ್ರಿಜ್ಜು, ಒಬ್ಬರು ಡಾಕ್ಟರ್ ಮೇಡಂ, ಮತ್ತೆ ಹಲಸೂರಿನಿಂದ ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದ ಆಯಾ ಆರೋಗ್ಯಮೇರಿ. ನನ್ನ ಗಂಡನಿಗೆ ಸರ್ಕಾರಿ ಕಾರ್ಖಾನೆಯಲ್ಲಿ ಕೆಲಸ, ಅದರ ಕ್ವಾರ್ಟರ್ಸ್‌ನಲ್ಲೇ ನಮ್ಮ ಮನೆ. ನನ್ನ ಬಾಯಿ ಸ್ವಲ್ಪ ಜೋರು. ಮೆತ್ತಗೆ ಮಾತಾಡುವ ನರ್ಸಿನ ಮಾತನ್ನು ಯಾವ ರೋಗಿ ಕೇಳಿದ್ದಾನೆ?

ನಾಯಿ ಕಡಿತದ ಔಷಧಿ ಬದಲಾಗಿದ್ದ ಕಾಲ ಅದು. ಹಿಂದೆಲ್ಲ ಹೊಕ್ಕಳ ಸುತ್ತ ಹದಿನಾಲ್ಕು ಸೂಜಿ ಚುಚ್ಚುತ್ತಿದ್ದರು. ಈಗ ತೋಳಿಗೆ ಐದೇ ಐದು. ಆದರೆ ಹೊಸ ಸೂಜಿಯ ಸುದ್ದಿ ಜನರಿಗೆ ಮುಟ್ಟಿರಲಿಲ್ಲ, ಹಳೆಯ ಸೂಜಿಯ ಭಯ ಬಿಟ್ಟಿರಲಿಲ್ಲ. ನಾಯಿ ಕಚ್ಚಿದರೆ ಮೊಳೆ ತಗುಲಿತು ಅನ್ನುವುದು, ಸುಣ್ಣವೋ ಖಾರದ ಪುಡಿಯೋ ಕಾಫಿ ಪುಡಿಯೋ ಮೆತ್ತಿಕೊಂಡು ಸುಮ್ಮನಿರುವುದು. ಈ ರೋಗವೋ, ಒಮ್ಮೆ ತಲೆಗೇರಿತೆಂದರೆ ದೇವರು ಬಂದರೂ ಉಳಿಸಲಾರ. ಅದಕ್ಕೆ ಮುಂಚೆ ಸೂಜಿ ಹಾಕಿಸಿಕೊಂಡರೆ ಕೂದಲೂ ಕೊಂಕುವುದಿಲ್ಲ. ಕಾರ್ತಿಕ ಬರುವ ಹೊತ್ತಿಗೆ ಸಂದಿಸಂದಿಯಲ್ಲೂ ನಾಯಿಗಳು ಮರಿ ಹಾಕಿ, ಹತ್ತಿರ ಸುಳಿದವರ ಮೀನಖಂಡಕ್ಕೆ ಬಾಯಿ ಹಾಕಲು ಶುರುಮಾಡಿದವು. ಹೋಗಿ ಜನಕ್ಕೆ ತಿಳಿಸಿ ಬನ್ನಿ ಎಂದು ನನಗೆ ಅಪ್ಪಣೆಯಾಯಿತು.

ತಿಳಿಸುವುದು ಎಲ್ಲಿ? ಹಳಿಯಾಚೆಯ ವಠಾರದಲ್ಲಿ ಯಾದಗಿರಿ, ರಾಯಚೂರು ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ತಗಡಿನ ಸೂರಿನ ಬಾಡಿಗೆ ಕೋಣೆಗಳಲ್ಲಿದ್ದರು. ಬೆಳಕು ಹರಿದರೆ ಕೆಲಸಕ್ಕೆ ಹೊರಡುವ ಜನ. ಅವರೆಲ್ಲ ಒಂದೇ ಕಡೆ ಸಿಗುತ್ತಿದ್ದುದು ಮೂರು ದಿನಕ್ಕೊಮ್ಮೆ ನೀರು ಬರುವ ನಲ್ಲಿಯ ಮುಂದೆ ಮಾತ್ರ. ಮುಂಜಾನೆ ಮಂಜಿನಲ್ಲಿ ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಕೊಡಗಳ ಸಾಲು. ಹೆಂಗಸರು ಅತ್ತಿತ್ತ ಹೋದರೂ ಕೊಡ ಅವರ ಜಾಗ ಕಾಯುತ್ತಿತ್ತು. ಒಬ್ಬರ ಕೊಡವನ್ನು ಇನ್ನೊಬ್ಬರು ಒಂದು ಗೇಣು ಸರಿಸಿದರೂ ಕುರುಕ್ಷೇತ್ರ.

ಆ ಸಾಲಿಗೆ ಯಜಮಾನಿ ಸಿದ್ದಮ್ಮ. ಯಾದಗಿರಿ ಕಡೆಯ ಹೆಂಗಸು, ಐವತ್ತರ ಹತ್ತಿರ ವಯಸ್ಸು, ಗಾರೆ ಹೊತ್ತು ಹೊತ್ತು ಗಟ್ಟಿಯಾದ ಕತ್ತು, ಹಣೆಯಗಲ ವಿಭೂತಿ. ಯಾರೂ ನೇಮಿಸಿದ್ದಲ್ಲ, ಅವಳೇ ನಿಂತಿದ್ದಳು. ಅವಳ ಕಣ್ಣು ತಪ್ಪಿಸಿ ಒಂದು ಚೊಂಬೂ ತುಂಬುವಂತಿರಲಿಲ್ಲ. ನಾನು ಮೊದಲ ದಿನ ಬಿಳಿ ಸೀರೆ, ಮೇಲೊಂದು ಸ್ವೆಟರು, ಕೈಯಲ್ಲಿ ಕೆಂಪು ಸೋಪು ಹಿಡಿದು ನಿಂತು, ನಾಯಿ ಕಚ್ಚಿದ ತಕ್ಷಣ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು ಎಂದೆ. ಸಾಲಿಗೆ ಸಾಲೇ ನಕ್ಕಿತು.

“ಹದಿನೈದು ನಿಮಿಷ ನಳ ಬಿಟ್ಕೊಂಡು ನಿಂದ್ರಬೇಕೇನ್ರಿ?” ಎಂದಳು ಸಿದ್ದಮ್ಮ. “ನಿಮ್ಮ ಮನ್ಯಾಗ ನೀರು ದಿನಾ ಬರ್ತದೇನು?”

ಕ್ವಾರ್ಟರ್ಸ್‌ನಲ್ಲಿ ನಲ್ಲಿ ತಿರುಗಿಸಿದರೆ ಸಾಕು, ಹಗಲೂ ರಾತ್ರಿ ನೀರು. ಈಗ ನಡೆದ ಹಾಗೆ ನೆನಪಿದೆ, ನನ್ನ ಮುಖ ಕೆಂಪಗಾಗಿತ್ತು. ಅವಳಿಗೇ ಪಾಪ ಅನ್ನಿಸಿತೋ ಏನೋ, ದಾರಿ ತೋರಿಸಿದಳು.

“ಗಡಿಯಾರ ಯಾರ ಕೈಯಾಗ ಅದರಿ ಇಲ್ಲಿ? ಒಂದು ಕೊಡ ತುಂಬಾಕ ಎರಡು ನಿಮಿಷ. ಎಂಟು ಕೊಡ ತುಂಬೋ ಹೊತ್ತು ಅನ್ರಿ, ಎಲ್ಲಾರಿಗೂ ತಿಳೀತದ. ನಾಯಿ ಕಚ್ಚಿದಾಂವ ಬಂದ್ರ ನಾವು ಸರದಿ ಬಿಡ್ತೀವಿ. ಹಂಗಂತ ದಿನಾ ಒಬ್ಬಾಂವನ್ನ ಕಚ್ಚಿಸ್ಕೊಂಡು ಕರ್ಕೊಂಡು ಬರಬ್ಯಾಡ್ರಿ ಮತ್ತ.”

ಎಂಟು ಕೊಡ. ನನಗಂತೂ ಹಿಡಿಸಿಬಿಟ್ಟಿತು. ಸಂತೆಬೀದಿಯಲ್ಲಿ ಅವರೆಕಾಯಿ ಸುಲಿಯುವವರಿಗೂ, ರೈಲು ನಿಲ್ದಾಣದ ಆಟೋದವರಿಗೂ ಎಂಟು ಕೊಡ ಎಂದೇ ಹೇಳತೊಡಗಿದೆ. ಡಾಕ್ಟರ್ ಮೇಡಂ ನಕ್ಕು, “ಪುಸ್ತಕದಲ್ಲಿ ಇಲ್ಲ, ಆದ್ರೆ ಪುಸ್ತಕಕ್ಕಿಂತ ಚೆನ್ನಾಗಿದೆ” ಎಂದರು. ನನಗೆ ಒಂದಿಷ್ಟು ಜಂಬ ಬಂತು, ಸುಳ್ಳು ಯಾಕೆ ಹೇಳಲಿ.

ಮುಂದಿನ ನೀರಿನ ದಿನ ಎರಡನೇ ಪಾಠ. ಮುಖ್ಯವಾದದ್ದನ್ನು ಕೊನೆಗೆ ಹೇಳಿದರೆ ಜನರ ತಲೆಯಲ್ಲಿ ಉಳಿಯುತ್ತದೆ ಎಂದು ನನ್ನ ಲೆಕ್ಕ. ಅದಕ್ಕೆ ನಾಯಿಯ ವಿಷಯದಿಂದ ಶುರುಮಾಡಿದೆ. “ಕಚ್ಚಿದ ನಾಯೀನ ಹೊಡೀಬೇಡಿ, ಓಡಿಸ್ಬೇಡಿ. ಹತ್ತು ದಿನ ಅದರ ಮೇಲೆ ಕಣ್ಣಿಟ್ಟಿರಿ. ಹತ್ತು ದಿನ ಆದ್ಮೇಲೂ ನಾಯಿ ಚೆನ್ನಾಗಿದ್ರೆ ಭಯ ಇಲ್ಲ.” ಇನ್ನು ಮುಂದಿನದು ನಿಜವಾದ ಮಾತು: ಆದರೆ ಅಲ್ಲಿಯವರೆಗೆ ಕಾಯಬೇಡಿ, ಮೊದಲು ಸೂಜಿ, ಅವತ್ತೇ ಸೂಜಿ. ಅದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಲ್ಲಿಯಲ್ಲಿ ಗಾಳಿ ಬಂದು, ಹಿಂದೆಯೇ ಗೊಳಗೊಳ ನೀರು ಬಂತು. ನನ್ನ ಮುಂದಿದ್ದ ಸಭೆ ಕಣ್ಣು ಮುಚ್ಚಿ ಬಿಡುವುದರೊಳಗೆ ಮಾಯ. ಕೊಡ ಕೊಡಕ್ಕೆ ಬಡಿದ ಸದ್ದಿನಲ್ಲಿ ನನ್ನ ದನಿ ನನಗೇ ಕೇಳಲಿಲ್ಲ. ಆರೋಗ್ಯಮೇರಿ, “ವಿಡಮ್ಮಾ, ಬಿಡಿ, ನೀರ್ ಮುಂದೆ ನೀವು ಯಾರು?” ಎಂದಳು. ಇಬ್ಬರೂ ನಕ್ಕೊಂಡು ವಾಪಸು ಬಂದೆವು. ಉಳಿದದ್ದನ್ನು ಇನ್ನೊಂದು ದಿನ ಹೇಳಿದರಾಯಿತು ಅಂದುಕೊಂಡೆ. ಪೋಲಿಯೋ ಹನಿ ಬಂತು, ಇನ್ನೇನೋ ಬಂತು, ಆ ಇನ್ನೊಂದು ದಿನ ಬರಲೇ ಇಲ್ಲ.

ಎರಡು ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಸಿದ್ದಮ್ಮ ಆರೋಗ್ಯ ಕೇಂದ್ರದ ಬಾಗಿಲಿಗೆ ಬಂದು, ಒಳಗೂ ಬಾರದೆ ಹೊರಗೂ ಹೋಗದೆ ನಿಂತಳು. ಕೆಲಸದ ದಿನ ಅವಳು ಇಲ್ಲಿ ಯಾಕೆ ಎಂದು ನನಗೆ ಆಶ್ಚರ್ಯ. ಸೆರಗಿನಲ್ಲಿ ಬಲಗೈ ಸುತ್ತಿಕೊಂಡಿದ್ದಳು.

“ಅಕ್ಕೋರ, ನಮ್ಮ ಪೈಕಿ ಒಬ್ಬಾಕಿಗೆ ನಾಯಿ ಕಚ್ಚೇದ್ರಿ. ನಾಯಿ ಹತ್ತು ದಿನ ನೋಡಬೇಕಂತಲ್ರಿ. ಅರ್ಧದಾಗ ನಾಯಿ ಓಡಿ ಹೋದ್ರ ಏನ್ ಮಾಡಬೇಕು?”

“ಆ ಒಬ್ಬಾಕಿ ಎಲ್ಲಿ?”

“ಕೆಲಸಕ್ಕ ಹೋಗ್ಯಾಳ್ರಿ.”

“ಕೈ ತೋರ್ಸು ಸಿದ್ದಮ್ಮ.”

ಮುಂಗೈಯಲ್ಲಿ ಎರಡು ಹಲ್ಲಿನ ಆಳವಾದ ಗುರುತು, ಸುತ್ತ ಬಾವು. ಕಚ್ಚಿ ನಾಲ್ಕು ದಿನವಾಗಿತ್ತು. ಅವಳು ದಿನಾ ರೊಟ್ಟಿ ಹಾಕಿ ಸಾಕಿದ್ದ ಬೀದಿನಾಯಿ ರಾಣಿ ತಗಡಿನ ಮರೆಯಲ್ಲಿ ಮರಿ ಹಾಕಿತ್ತು. ಮಂಜಿನಲ್ಲಿ ನಡುಗುತ್ತಿದ್ದ ಒಂದು ಮರಿಯ ಕೆಳಗೆ ಗೋಣಿ ಹಾಸಲು ಹೋದರೆ ರಾಣಿ ಗಬಕ್ಕನೆ ಕೈ ಹಿಡಿದಿತ್ತು. ಅವಳು ಯಾರಿಗೂ ಹೇಳಲಿಲ್ಲ. ಹೇಳಿದರೆ ಗಂಡಸರು ರಾಣಿಯನ್ನು ಹೊಡೆದು ಹಾಕುತ್ತಾರೆ, ಆಸ್ಪತ್ರೆಯವರು ಹೊಟ್ಟೆಗೆ ಹದಿನಾಲ್ಕು ಚುಚ್ಚುತ್ತಾರೆ. ಹಳೆ ಸೀರೆಯ ಅಂಚಿನಿಂದ ರಾಣಿಯನ್ನು ಬಾಗಿಲ ಬಳಿ ಕಟ್ಟಿ ದಿನ ಎಣಿಸುತ್ತ ಕೂತಿದ್ದಳು. ಈ ಬೆಳಿಗ್ಗೆ ನೋಡಿದರೆ ಅಂಚು ಕಡಿದಿದೆ, ರಾಣಿ ಇಲ್ಲ, ಮರಿಗಳೂ ಇಲ್ಲ. ಒಂದೊಂದಾಗಿ ಬಾಯಲ್ಲಿ ಕಚ್ಚಿಕೊಂಡು ಎಲ್ಲಿಗೋ ಸಾಗಿಸಿಬಿಟ್ಟಿತ್ತು.

“ನಾಲ್ಕು ದಿನ ಸುಮ್ನೆ ಕೂತಿದ್ಯಲ್ಲ, ನಿಂಗೆ ಬುದ್ಧಿ ಬೇಡ್ವಾ? ಯಾರು ಹೇಳಿದ್ದು ನಾಯಿ ನೋಡ್ಕೊಂಡು ಕೂತಿರು ಅಂತ?” ಎಂದು ಬೈದೆ.

ಅವಳು ನನ್ನನ್ನೇ ನೋಡಿದಳು. “ನೀವ ಹೇಳಿದ್ರಲ್ರಿ.”

ನಾನು ಅವಳನ್ನು ಒಳಗೆ ಎಳೆದು ಬೆಂಚಿನ ಮೇಲೆ ಕೂರಿಸಿದೆ.

“ತೊಳಿ ಅಂದ್ರಿ, ತೊಳೆದೆ. ಅವತ್ತು ನೀರಿನ ದಿನ ಅಲ್ಲ. ಮನ್ಯಾಗ ಐದು ಕೊಡ ಇತ್ತು, ಬೀಗರು ಬಂದಾರಂತ ಸುಳ್ಳು ಹೇಳಿ ಮಗ್ಗಲ ಮನಿಯಿಂದ ಮೂರು ಕೊಡ ಕಡ ತಂದೆ. ಎಂಟೂ ಕೊಡ ಸುರಕೊಂಡು ಸಾಬೂನು ಹಚ್ಚಿ ತೊಳೆದೀನ್ರಿ. ಎರಡು ದಿನ ಮನ್ಯಾಗ ಕುಡಿಲಾಕ ನೀರಿಲ್ಲ. ನಾಯಿ ನೋಡು ಅಂದ್ರಿ, ನೋಡ್ಲಕತ್ತಿದ್ದೆ. ಊರಿಗೂ ಫೋನ್ ಹಚ್ಚಿ ಹೇಳೀನಿ, ನಮ್ಮ ಅಕ್ಕೋರು ಹಿಂಗ ಹೇಳ್ಯಾರ, ಸೂಜಿ ಬ್ಯಾಡ, ಹತ್ತು ದಿನ ನಾಯಿ ನೋಡ್ರಿ ಅಂತ.”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೇ ಉಳಿಸಿದ ಮಾತು ಇನ್ನೂ ಕೆಟ್ಟದ್ದು ಎಂದು ನನಗೆ ಅವತ್ತು ತಿಳಿಯಿತು. ಮನೆಯ ನೀರನ್ನೆಲ್ಲ ಸುರಿದು ನನ್ನ ಮಾತು ನಡೆಸಿದವಳು ಅವಳು. ಅರ್ಧ ಹೇಳಿ ನಕ್ಕೊಂಡು ಬಂದವಳು ನಾನು. ನನ್ನ ಮೇಲೆ ನನಗೇ ಅಸಹ್ಯವಾಯಿತು. ಡಾಕ್ಟರ್ ಮೇಡಂ ಗಾಯ ನೋಡಿ, “ತೊಳೆದಿದ್ದು ದೊಡ್ಡ ಪುಣ್ಯ” ಎಂದರು. ಆದರೆ ಗಾಯ ಆಳ, ನಾಯಿ ಕೈಗೆ ಸಿಗದು. ತೋಳಿನ ಸೂಜಿಯ ಜೊತೆಗೆ ಗಾಯದ ಸುತ್ತಲೂ ಕೊಡುವ ಇನ್ನೊಂದು ಔಷಧಿ ಬೇಕು, ಅದು ಶಿವಾಜಿನಗರದ ದೊಡ್ಡಾಸ್ಪತ್ರೆಯಲ್ಲಿ ಮಾತ್ರ. “ಈಗ್ಲೇ ಕರ್ಕೊಂಡು ಹೋಗಿ” ಎಂದರು.

ಬಸ್ಸಿನಲ್ಲಿ ಸಿದ್ದಮ್ಮ ಸೆರಗನ್ನು ಹೊಟ್ಟೆಗೆ ಬಿಗಿಯಾಗಿ ಸುತ್ತಿ, ಅದರ ಮೇಲೆ ಚೀಲ ಇಟ್ಟು, ಚೀಲದ ಮೇಲೆ ಎಡಗೈ ಇಟ್ಟು ಕೂತಳು. “ಹೊಟ್ಟಿಗಿ ಚುಚ್ಚಿದ್ರ ನಾ ಎದ್ದು ಓಡ್ತೀನ್ರಿ, ಮೊದಲ ಹೇಳ್ತೀನಿ.” ತೋಳಿಗೆ ಕೊಡ್ತಾರೆ ಮಾರಾಯ್ತಿ ಎಂದು ಹಲಸೂರು ದಾಟುವವರೆಗೂ ಹೇಳಿದೆ, ನಂಬಲಿಲ್ಲ. ಎದುರು ಸೀಟಿನಲ್ಲಿ ಬುರ್ಖಾ ಹಾಕಿದ ಒಬ್ಬ ವಯಸ್ಸಾದ ಹೆಂಗಸು ಎಲ್ಲ ಕೇಳಿಸಿಕೊಳ್ಳುತ್ತಿದ್ದವಳು, “ಪೇಟ್ ಮೇ ನೈ ಅಮ್ಮಾ, ಹಾತ್ ಮೇ ದೇತೇ. ಮೇರೇ ಬೇಟೇ ಕೋ ಬೀ ವೈಸಾಚ್ ದಿಯೇ” ಎಂದು, ಮಗನಿಗೂ ಹೊಟ್ಟೆಗಲ್ಲ ಇಲ್ಲಿಗೇ ಕೊಟ್ಟರೆಂದು ತನ್ನ ತೋಳು ತಟ್ಟಿ ತೋರಿಸಿದಳು. ಯಾದಗಿರಿಯವಳಿಗೆ ಆ ಭಾಷೆ ನೀರು ಕುಡಿದಷ್ಟು ಸಲೀಸು. “ಹೌದೇನ್ರಿ” ಎಂದವಳೇ ಸೆರಗು ಸಡಿಲಿಸಿದಳು. ಬಿಳಿ ಸೀರೆಯ ನನ್ನನ್ನು ನಂಬದವಳು ಹೆಸರು ಗೊತ್ತಿಲ್ಲದ ಒಬ್ಬಾಕೆಯನ್ನು ಒಂದೇ ಮಾತಿಗೆ ನಂಬಿದಳು. ನನಗೆ ಹೊಟ್ಟೆಕಿಚ್ಚಾಯಿತು.

ತೋಳಿನ ಸೂಜಿಗೆ “ಇಷ್ಟೇ ಏನ್ರಿ?” ಎಂದು ನಕ್ಕಳು. ಗಾಯದ ಸುತ್ತ ಚುಚ್ಚುವಾಗ ಮಾತ್ರ ಆ ಆಸ್ಪತ್ರೆಯ ಗೋಡೆಗಳು ಅಲ್ಲಿಯವರೆಗೆ ಕೇಳಿರದ ಯಾದಗಿರಿ ಬೈಗುಳಗಳನ್ನು ಕೇಳಿದವು. ಅದರಲ್ಲಿ ಒಂದೆರಡು ನನಗೂ ಸೇರಿದ್ದವು. ನ್ಯಾಯವಾಗಿಯೇ ಇತ್ತು.

ಮರುದಿನ ನೀರಿನ ದಿನವಾಗಿತ್ತು. ಸಿದ್ದಮ್ಮ ಪಟ್ಟಿ ಕಟ್ಟಿದ ಕೈಯಲ್ಲೇ ನಲ್ಲಿಯ ಮುಂದೆ ಅಡ್ಡ ನಿಂತು, “ಅಕ್ಕೋರ ಮಾತು ಮುಗಿಯೂತನಾ ಯಾರೂ ಕೊಡ ಇಡಂಗಿಲ್ಲ” ಎಂದಳು. ನೀರು ಬಂದು ಹರಿಯುತ್ತಿತ್ತು, ಸಾಲು ಗೊಣಗುತ್ತಿತ್ತು. ನಾನು ತಪ್ಪಾಯಿತು ಎಂದು ಎಲ್ಲರ ಮುಂದೆ ಹೇಳಿ, ಮೊದಲು ತೊಳೆಯಿರಿ, ಅವತ್ತೇ ಬಂದು ಸೂಜಿ ಹಾಕಿಸಿ, ಆಮೇಲೆ ನಾಯಿ ನೋಡಿ ಎಂದೆ. ಮೂರೇ ಮಾತು. ಅಷ್ಟನ್ನು ಹೋದ ಸಲವೇ ಹೇಳಲು ಎಷ್ಟು ಹೊತ್ತು ಬೇಕಾಗಿತ್ತು ಹೇಳಿ.

ಆ ಡಿಸೆಂಬರ್ ಪೂರ್ತಿ ನನಗೆ ಸಿದ್ದಮ್ಮನದೇ ಧ್ಯಾನ. ಎರಡನೇ ಸೂಜಿ, ಮೂರನೇ ಸೂಜಿ, ನಾಲ್ಕನೇ ಸೂಜಿ ನಮ್ಮ ಕೇಂದ್ರದಲ್ಲೇ ಆಯಿತು. ಬಂದಾಗಲೆಲ್ಲ ಮೊದಲು ಒಂದು ಲೋಟ ನೀರು ಕೊಟ್ಟು ಅವಳು ಕುಡಿಯುವುದನ್ನೇ ನೋಡುತ್ತಿದ್ದೆ. ಆ ರೋಗ ಹತ್ತಿದವರಿಗೆ ನೀರು ಗಂಟಲಲ್ಲಿ ಇಳಿಯುವುದಿಲ್ಲ. ಇಷ್ಟು ಬೇಗ ಏನೂ ತಿಳಿಯುವುದಿಲ್ಲ ಎಂದು ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ. ಮೂರನೇ ಸಲಕ್ಕೆ ಅವಳಿಗೆ ಅರ್ಥವಾಯಿತು. “ಇನ್ನೊಂದು ಲೋಟ ಕೊಡ್ರಿ, ಕುಡಿದು ತೋರಿಸ್ತೀನಿ. ನಿಮ್ಮ ಮಾರಿ ನೋಡಿದ್ರ ನಾಯಿ ಕಚ್ಚಿದ್ದು ನನಗೋ ನಿಮಗೋ ತಿಳೀವಲ್ದು” ಎಂದಳು. ಆರೋಗ್ಯಮೇರಿ ಬಿದ್ದು ಬಿದ್ದು ನಕ್ಕಳು.

ರಾಣಿಯನ್ನು ಹುಡುಕಿದ್ದೂ ಒಂದು ಕತೆ. ಲಾರಿ ಶೆಡ್ಡು, ಗುಜರಿ ಅಂಗಡಿ, ರೈಲು ನಿಲ್ದಾಣದ ಬೇಲಿ, ಎಲ್ಲ ಕಡೆ ನಾವು ಮೂವರು ಹೆಂಗಸರು “ರಾಣೀ, ರಾಣೀ” ಎಂದು ಕೂಗುತ್ತ ತಿರುಗಿದೆವು. ಆ ಹೆಸರಿನ ಒಬ್ಬ ಹುಡುಗಿ ಮಹಡಿಯಿಂದ ಇಣುಕಿ ಏನು ಬೇಕು ಎಂದು ಕೇಳಿದಳು. ನಾಯಿ ಸಿಗಲಿಲ್ಲ. ಎಷ್ಟೋ ತಿಂಗಳ ಮೇಲೆ ಪ್ಲಾಟ್‌ಫಾರಂ ಕೊನೆಯಲ್ಲಿ ಮೂರು ಮರಿಯ ಜೊತೆ ಅದನ್ನು ಕಂಡೆ ಎಂದು ಆರೋಗ್ಯಮೇರಿ ಆಣೆ ಮಾಡಿದಳು. ಅವಳಿಗೆ ಎಲ್ಲ ಕಂದು ನಾಯಿಯೂ ಒಂದೇ, ನಾನು ನಂಬಲಿಲ್ಲ.

ಐದನೇ ಸೂಜಿಯ ದಿನ ಎಳ್ಳಮಾವಾಸ್ಯೆಯ ಮಾರನೇ ದಿನಕ್ಕೆ ಬಂತು. ಅವರ ಕಡೆ ಅದು ಹೊಲದ ಹಬ್ಬ, ಯಾರೂ ತಪ್ಪಿಸುವುದಿಲ್ಲ. ಸಿದ್ದಮ್ಮ, ಅವಳ ಗಂಡ ಇಬ್ಬರೂ ಊರಿಗೆ ಹೊರಟರು. ಬೇಡ ಎಂದು ಜಗಳವಾಡಿದೆ, ಕೈ ಹಿಡಿದುಕೊಂಡೆ.

“ಅಕ್ಕೋರ, ಊರಾಗ ನಾ ಹೇಳಿದ್ದು ಅರ್ಧ ಅದರಿ. ಉಳಿದಿದ್ದು ಫೋನಿನ್ಯಾಗ ಹೇಳಿದ್ರ ಯಾರೂ ಕೇಳವಲ್ರು. ಮೊದಲ ಸೂಜಿ ಬ್ಯಾಡಂದಿ, ಈಗ ಬೇಕಂತೀ, ನಿನಗ ಹುಚ್ಚು ಹಿಡದದ ಅಂತಾರ. ನಾ ಹೋಗಬೇಕು.”

ಹಿಡಿದಿದ್ದ ಕೈ ಬಿಟ್ಟೆ. ಡಾಕ್ಟರ್ ಮೇಡಂ ಸಿದ್ದಮ್ಮನ ಊರಿನ ತಾಲ್ಲೂಕು ಆಸ್ಪತ್ರೆಗೆ ಒಂದು ಪತ್ರ ಬರೆದರು. ಸೂಜಿಯ ಚೀಟಿಯಲ್ಲಿ ಐದನೇ ಸೂಜಿಯ ತಾರೀಖಿನ ಸುತ್ತ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ವಾರದಲ್ಲಿ ವಾಪಸು ಬರುತ್ತೇನೆ ಎಂದು ಹೇಳಿ ಹೋದಳು.

ವಾರವಾಯಿತು, ಬರಲಿಲ್ಲ. ಎರಡು ವಾರವಾಯಿತು. ಸಂಕ್ರಾಂತಿ ಬಂತು, ಸಂತೆಬೀದಿ ತುಂಬ ಕಬ್ಬು, ಅವರೆಕಾಯಿ, ಗೆಣಸು. ನಾನು ನೀರಿನ ದಿನವೆಲ್ಲ ವಠಾರಕ್ಕೆ ಹೋಗಿ ನೋಡಿದೆ. ಬಾಗಿಲಿಗೆ ಬೀಗ. ಸಾಲಿನಲ್ಲಿ ಅವಳ ನೀಲಿ ಕೊಡವಿಲ್ಲದೆ ಹೆಂಗಸರು ಕಿತ್ತಾಡುತ್ತಿದ್ದರು. ಐದನೆಯದು ಹಾಕಿಸಿಕೊಂಡಳೋ ಇಲ್ಲವೋ, ಔಷಧಿ ಇತ್ತೋ ಇಲ್ಲವೋ, ನಾಲ್ಕು ದಿನ ತಡವಾಗಿದ್ದು ತಡವಾಗಿಯೇ ಹೋಯಿತೋ ಏನೋ. ಮನೆಯಲ್ಲಿ ಎಳ್ಳು ಬೆಲ್ಲ ಬೀರಲು ಬಂದವರ ಮುಂದೆ ಸುಮ್ಮನೆ ಅತ್ತುಬಿಟ್ಟೆ. ನನ್ನ ಗಂಡ ಕಣ್ಣಿಗೆ ಹೊಗೆ ಎಂದು ಅವರಿಗೆ ಸಮಜಾಯಿಷಿ ಹೇಳಿದರು. ಒಲೆ ಗ್ಯಾಸಿನದು, ಅವರು ಸುಮ್ಮನೆ ಒಪ್ಪಿಕೊಂಡರು.

ಜನವರಿ ಮುಗಿಯುವ ಹೊತ್ತು. ಬೆಳಿಗ್ಗೆ ಫ್ರಿಜ್ಜಿನ ಉಷ್ಣತೆ ಬರೆದುಕೊಳ್ಳುತ್ತಿದ್ದೆ. ಬಾಗಿಲಲ್ಲಿ ಜೋಳದ ರೊಟ್ಟಿಯ ಗಂಟು ಹಿಡಿದು ಸಿದ್ದಮ್ಮ ನಿಂತಿದ್ದಳು, ಬಿಸಿಲಿಗೆ ಇನ್ನಷ್ಟು ಕಪ್ಪಾಗಿ. ನಾನು ಬಾಯಿಗೆ ಬಂದ ಹಾಗೆ ಬೈಯಲು ಶುರುಮಾಡಿದೆ. ಅವಳು ಬೈಸಿಕೊಂಡು ಮುಗಿದ ಮೇಲೆ ಗಂಟು ಬಿಚ್ಚಿ ಒಂದು ಚೀಟಿ ಕೊಟ್ಟಳು. ಕೆಂಪು ಗೆರೆಯೊಳಗೆ ತಾಲ್ಲೂಕು ಆಸ್ಪತ್ರೆಯ ಮೊಹರು. ಐದನೆಯದು ಅದೇ ದಿನ ಆಗಿತ್ತು. ಆಮೇಲೆ ಇನ್ನೊಂದು ಚೀಟಿ ಕೊಟ್ಟಳು. ಅದರಲ್ಲೂ ಐದು ತಾರೀಖು, ಐದು ಮೊಹರು. ಹೆಸರು ಮಾತ್ರ ಹಣಮಂತ ಎಂದಿತ್ತು.

“ನನ್ನ ಮೈದುನ್ರಿ. ನಾ ಊರು ಮುಟ್ಟೂದಕ್ಕ ಅಂವಗ ನಾಯಿ ಕಚ್ಚಿ ಒಂದು ದಿನ ಆಗಿತ್ತು. ಬೇವಿನ ಗಿಡಕ್ಕ ನಾಯಿ ಕಟ್ಟಿ, ಮುಂದ ಕುಂತು ನೋಡ್ಲಕತ್ತಿದ್ದ. ಯಾಕೋ ಅಂದ್ರ, ವೈನಿ, ನೀನ ಹೇಳಿದ್ಯಲ್ಲ ಅಂದ. ಹಬ್ಬದೂಟ ಅಲ್ಲೇ ಬಿಟ್ಟು ಎಳ್ಕೊಂಡು ಹೋದ್ನಿ. ಹೊಟ್ಟಿಗಿ ಚುಚ್ತಾರಂತ ಟಂಟಂ ಆಟೋದಾಗಿಂದ ಜಿಗಿಲಾಕ ಹೋದ, ನನ್ನ ತೋಳು ತೋರಿಸಿದೆ. ನಾ ಇಲ್ಲಂದ್ರ ಅಂವ ಎರಡನೇದಕ್ಕ ಹೋಗಾಂವಲ್ಲ. ಅದಕ್ಕ ಐದೂ ಮುಗಿಸೇ ಬಂದೀನ್ರಿ.”

“ನಾಯಿ?” ಎಂದೆ.

“ಐದನೇ ದಿನ ಸತ್ತೋತ್ರಿ. ಜೊಲ್ಲು ಸುರಿಸ್ಕೋತ, ಗಿಡಾ ಕಡ್ಕೋತ ಸತ್ತಿತು. ಊರೆಲ್ಲ ನೋಡ್ಯಾರ.”

ನೀರು ಬಂತೆಂದು ಬಾಯಿ ಮುಚ್ಚಿಕೊಂಡು ಬಂದ ಆ ಬೆಳಿಗ್ಗೆ ಒಂದು ಇಡೀ ರಾತ್ರಿಯ ರೈಲು ದಾರಿಯ ಆಚೆಗಿನ ಬೇವಿನ ಮರದವರೆಗೆ ಹೋಗಿ ನಿಂತಿತ್ತು. ಐದೂ ಸೂಜಿ ಆಗಿದೆ ಎಂದು ಮೊಹರುಗಳೇ ಹೇಳುತ್ತಿದ್ದವು. ಆದರೂ ಕೇಳದೆ ಇರಲಾಗಲಿಲ್ಲ, ಕೇಳಲು ಧೈರ್ಯವೂ ಬರಲಿಲ್ಲ.

“ಹಣಮಂತ ಈಗ ಎಲ್ಲಿದಾನೆ ಸಿದ್ದಮ್ಮ?”

ಅವಳು ಇದೆಂಥ ಪ್ರಶ್ನೆ ಎನ್ನುವ ಹಾಗೆ ನನ್ನನ್ನು ನೋಡಿದಳು.

“ಎಲ್ಲಿರ್ತಾನ್ರಿ, ಜ್ವಾಳ ತೆನಿಗಿ ಬಂದಾವ. ಹೊಲದಾಗ ನಿಂತು ಹಕ್ಕಿ ಹೊಡೀಲಕತ್ತಾನ.”